ಯಾರ ಕೊಲೆ, ಯಾರ ಕಥೆ?

ಮರೋಳದಂಥ ಊರಿನಲ್ಲಿ ಪತ್ರಿಕೆ ಓದುವುದು ಒಬ್ಬನ ಕೆಲಸ ಆಗಿರಲಿಲ್ಲ. ಹುನಗುಂದಕ್ಕೋ ಇಳಕಲ್ಲಿಗೋ ಸಂತಿಗೆ ಹೋದವನು ಬಸ್ ಸ್ಟ್ಯಾಂಡಿನ ಅಂಗಡಿಯಿಂದ ಒಂದು ವಾರಪತ್ರಿಕೆ ಹಿಡಿದು ಬರುತ್ತಿದ್ದ. ಸಾಲಿ ಕಲಿತ ಹುಡುಗ ಓದಬೇಕು, ಕಲಿಯದ ಹತ್ತು ಮಂದಿ ಕಿವಿಗೊಡಬೇಕು. "ಮುಂದ ಓದೋ ತಮ್ಮಾ, ಆಮ್ಯಾಲೆ ಏನಾತು?" ಅಂತ ಹಿರಿಯರು ಅವಸರ ಮಾಡುತ್ತಿದ್ದರು. ಸಾಹಿತ್ಯ ಪರಿಷತ್ತಿನ ಪುಸ್ತಕ ನಮ್ಮ ಕೇರಿಗೆ ಬರಲಿಲ್ಲ. ವಿಶ್ವವಿದ್ಯಾಲಯದ ವಿಮರ್ಶೆ ಬರಲಿಲ್ಲ. ಬಂದದ್ದು ಕೊಲೆಯ ವರದಿ. ಕಪ್ಪು ಬಿಳುಪಿನ ಅಗ್ಗದ ಹಾಳೆಯ ಮೇಲೆ ಅಚ್ಚಾದ, ರಕ್ತದ ಕಲೆಯ ಫೋಟೋ ಇದ್ದ, 'ಹಾಯ್ ಬೆಂಗಳೂರ್!' ಎಂಬ ಪತ್ರಿಕೆ. ಅದನ್ನು ಬರೆಯುತ್ತಿದ್ದವರು ರವಿ ಬೆಳಗೆರೆ.

ಆ ಮನುಷ್ಯ 2020ರ ನವೆಂಬರ್ 13ರಂದು ತೀರಿಕೊಂಡರು. ಸತ್ತಾಗ ಹೊಗಳಿದವರು ಹೊಗಳಿದರು, ಬೈದವರು ಬೈದರು. ಹೊಗಳಿಕೆ ಬೈಗುಳ ಎರಡೂ ಮುಗಿದ ಮೇಲೆ ನಾವು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಕನ್ನಡದಲ್ಲಿ ಅಪರಾಧದ ಬರವಣಿಗೆ ಎಂಬುದು ಎಲ್ಲಿಂದ ಬಂತು? ಅದರಲ್ಲಿ ಅಪರಾಧಿ ಯಾರು, ಸತ್ತವನು ಯಾರು, ಬರೆಯುವವನು ಯಾರು? ಕೇರಿಯವರಾದ ನಾವು ಅದನ್ನು ಅಷ್ಟು ಆಸೆಯಿಂದ ಯಾಕೆ ಓದಿದೆವು? ಇದು ಒಬ್ಬ ಬೆಳಗೆರೆಯವರ ಪ್ರಶ್ನೆ ಅಲ್ಲ. ಇದಕ್ಕೆ ಸುಮಾರು ಇನ್ನೂರು ವರ್ಷದ ಇತಿಹಾಸವಿದೆ. ಆ ಇತಿಹಾಸದ ಬಹುಭಾಗ ನಡೆದದ್ದು ನಮ್ಮ ಕೃಷ್ಣಾ, ಮಲಪ್ರಭಾ, ಭೀಮಾ ನದಿಗಳ ದಂಡೆಯ ಮೇಲೆಯೇ.

1

ನಮ್ಮ ಹುನಗುಂದ ತಾಲೂಕಿನ ಐಹೊಳೆಯ ಗುಡ್ಡದ ಮೇಲೆ ಮೇಗುತಿ ಬಸದಿ ಇದೆ. ಅದರ ಗೋಡೆಯಲ್ಲಿ ಕ್ರಿ.ಶ. 634-35ರ ಶಾಸನವಿದೆ. ಬರೆದವನು ರವಿಕೀರ್ತಿ. ಇಮ್ಮಡಿ ಪುಲಕೇಶಿ ಯಾರ್ಯಾರನ್ನು ಸೋಲಿಸಿದ, ಯಾವ ಯಾವ ನಾಡನ್ನು ತುಳಿದ ಎಂಬುದನ್ನು ಅದು ಸಂಸ್ಕೃತದಲ್ಲಿ ಹಾಡಿ ಹೊಗಳುತ್ತದೆ. ಸಾಲಿ ಮಕ್ಕಳು ಅದನ್ನು ನಮ್ಮ ನಾಡಿನ ಹೆಮ್ಮೆ ಎಂದು ಬಾಯಿಪಾಠ ಮಾಡುತ್ತಾರೆ. ಮಾಡಲಿ. ಆದರೆ ಮಾಸ್ತರು ಒಂದು ಮಾತನ್ನು ಸೇರಿಸಿ ಹೇಳಬೇಕು: ಅರಸ ಕೊಂದರೆ ಅದು ಶಾಸನವಾಗುತ್ತದೆ, ಬಡವ ಕೊಂದರೆ ವಾರಂಟು ಬರುತ್ತದೆ. ಸತ್ತವರು ಮಾತ್ರ ಎರಡರಲ್ಲಿಯೂ ಹೆಸರಿಲ್ಲದೆ ಹೋಗುತ್ತಾರೆ.

ಅಪರಾಧವನ್ನು ಪತ್ತೆ ಮಾಡುವವನೇ ಅದನ್ನು ಕಾದಂಬರಿಯಾಗಿ ಬರೆದು ಮಾರುವ ಪದ್ಧತಿ ನಮ್ಮ ಸೀಮೆಗೆ ಬಂದದ್ದು ಬ್ರಿಟಿಷರ ಕಾಲದಲ್ಲಿ. ನಮ್ಮಿಂದ ಕೃಷ್ಣೆಯ ಆಚೆಗೆ ಸುರಪುರ. ಅಲ್ಲಿ ಇವತ್ತಿಗೂ ಟೇಲರ್ ಮಂಜಿಲ್ ಎಂಬ ಬಂಗಲೆ ಇದೆ. ಅದು ಫಿಲಿಪ್ ಮೆಡೋಸ್ ಟೇಲರ್ ಎಂಬ ಆಂಗ್ಲ ಅಧಿಕಾರಿಯದು. ಹುಡುಗನಾಗಿದ್ದಾಗಲೇ ಹಿಂದೂಸ್ಥಾನಕ್ಕೆ ಬಂದು ಹೈದರಾಬಾದ್ ನಿಜಾಮನ ಚಾಕರಿಗೆ ಸೇರಿದ ಈತ ಠಗ್ಗರೆಂದು ಹಿಡಿಯಲ್ಪಟ್ಟವರ ಹೇಳಿಕೆಗಳನ್ನು ಹತ್ತಿರದಿಂದ ಕೇಳಿದವನು. ಆ ಹೇಳಿಕೆಗಳನ್ನೇ ಹಿಡಿದು 1839ರಲ್ಲಿ ಒಬ್ಬ ಠಗ್ಗನ ತಪ್ಪೊಪ್ಪಿಗೆ ಎಂಬ ಕಾದಂಬರಿ ಬರೆದ. ಅಮೀರ್ ಅಲಿ ಎಂಬ ಠಗ್ಗ ತನ್ನ ಕೊಲೆಗಳನ್ನು ತಾನೇ ಬಿಳಿಯ ಸಾಹೇಬನೆದುರು ಹೇಳಿಕೊಳ್ಳುತ್ತಾನೆ. ಇಂಗ್ಲೆಂಡಿನಲ್ಲಿ ಪುಸ್ತಕ ಭಾರಿ ಖರ್ಚಾಯಿತು. ವಿಕ್ಟೋರಿಯಾ ರಾಣಿ ಅದರ ಅಚ್ಚಿನ ಹಾಳೆಗಳನ್ನೇ ತರಿಸಿಕೊಂಡು ಓದಿದಳಂತೆ. ಮುಂದೆ 1840ರಿಂದ 1853ರವರೆಗೆ ಟೇಲರ್ ಲಂಡನ್ನಿನ 'ದ ಟೈಮ್ಸ್' ಪತ್ರಿಕೆಗೆ ಇಲ್ಲಿಂದ ವರದಿ ಬರೆದ. ಸರ್ಕಾರಿ ಅಧಿಕಾರಿ, ತನಿಖೆದಾರ, ಪತ್ರಕರ್ತ, ಕಾದಂಬರಿಕಾರ ಎಲ್ಲವೂ ಒಬ್ಬನೇ.

ಟೇಲರ್ ಕೆಟ್ಟ ಮನುಷ್ಯ ಅಂತ ನಾವು ಹೇಳುತ್ತಿಲ್ಲ. ಸುರಪುರದ ಬೇಡರ ದೊರೆ ವೆಂಕಟಪ್ಪ ನಾಯಕ ಚಿಕ್ಕವನಿದ್ದಾಗ ರಾಜ್ಯ ನೋಡಿಕೊಂಡವನು ಇವನೇ. ಆ ಹುಡುಗ ಇವನನ್ನು 'ಅಪ್ಪಾ' ಎಂದು ಕರೆಯುತ್ತಿದ್ದ. 1858ರಲ್ಲಿ ಅದೇ ಹುಡುಗ ಬ್ರಿಟಿಷರ ವಿರುದ್ಧ ಎದ್ದು ನಿಂತು ಸೋತು ಸೆರೆಯಾದ. ಸೆರೆಯಲ್ಲಿ ಸಾಗಿಸುವಾಗ ಪಿಸ್ತೂಲಿನ ಗುಂಡಿಗೆ ಸತ್ತ. ಅಪ್ಪನೆಂಬ ಮಾತು ಆಳುವವರ ಬಾಯಲ್ಲಿ ಎಷ್ಟು ದೂರ ನಡೆಯುತ್ತದೆ ಎಂಬುದು ಅಲ್ಲಿಗೆ ತಿಳಿಯಿತು. ನಮ್ಮ ತಕರಾರು ಟೇಲರನ ಮನಸ್ಸಿನ ಮೇಲಲ್ಲ, ಅವನು ಕಟ್ಟಿದ ಕಥೆಯ ಕಟ್ಟಿನ ಮೇಲೆ. ಆ ಕಟ್ಟು ಹೀಗಿದೆ: ಕೊಲೆಗಾರ ಕೈದಿಯಾಗಿ ಕೂತಿದ್ದಾನೆ. ಅಧಿಕಾರಿ ಕುರ್ಚಿಯ ಮೇಲೆ ಕೂತು ಬರೆದುಕೊಳ್ಳುತ್ತಿದ್ದಾನೆ. ಕೊಲೆಗಾರನ ಮಾತು ಮೈನವಿರೇಳಿಸುತ್ತದೆ, ಓದುಗನಿಗೆ ರೋಮಾಂಚನ. ಆದರೆ ಅವನ ಹೊಲ ಯಾರು ಕಿತ್ತುಕೊಂಡರು, ಬರಗಾಲದಲ್ಲಿ ಯಾರು ಕಂದಾಯ ವಸೂಲು ಮಾಡಿದರು, ಪಾಳೆಗಾರನ ಸೈನ್ಯ ಬರಖಾಸ್ತು ಆದಾಗ ಆ ಸಿಪಾಯಿ ಏನು ತಿಂದ, ಈ ಪ್ರಶ್ನೆ ಕುರ್ಚಿಯ ಮೇಲಿದ್ದವನು ಕೇಳುವುದಿಲ್ಲ.

2

ಇದೇ ಕಾಲಕ್ಕೆ ಇನ್ನೊಂದು ತರದ ವರದಿಯೂ ನಮ್ಮ ನೆಲದಲ್ಲಿ ಹುಟ್ಟಿತು. ಅದನ್ನು ಬರೆದವರು ಅಧಿಕಾರಿಗಳಲ್ಲ, ಹಾಡುವ ಮಂದಿ.

1857ರಲ್ಲಿ ಬ್ರಿಟಿಷ್ ಸರ್ಕಾರ ನಿಶ್ಶಸ್ತ್ರೀಕರಣದ ಕಾಯಿದೆ ತಂತು. ಎಲ್ಲರೂ ಆಯುಧ ತಂದೊಪ್ಪಿಸಬೇಕು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು, ಇದು ಇವತ್ತಿನ ನಮ್ಮ ಬಾಗಲಕೋಟೆ ಜಿಲ್ಲೆಯದೇ ಊರು, ಕೊಡುವುದಿಲ್ಲ ಎಂದರು. ಆಯುಧ ಅವರ ಅನ್ನ, ಆಯುಧ ಅವರ ಮರ್ಯಾದೆ. ದಂಡು ಬಂತು. ಊರಿಗೆ ಬೆಂಕಿ ಬಿತ್ತು. ಸೆರೆ ಸಿಕ್ಕವರಲ್ಲಿ 19 ಜನರನ್ನು ಅದೇ ಡಿಸೆಂಬರಿನಲ್ಲಿ ಗಲ್ಲಿಗೇರಿಸಿದರು, ಕೆಲವರನ್ನು ಮುಧೋಳದಲ್ಲಿ, ಉಳಿದವರನ್ನು ಹಲಗಲಿಯಲ್ಲೇ, ಅವರ ಹೆಂಡರು ಮಕ್ಕಳ ಊರಿನಲ್ಲೇ. ಸರ್ಕಾರದ ಕಡತದಲ್ಲಿ ಅವರು ದಂಗೆಕೋರರು.

ಆದರೆ ಲಾವಣಿಕಾರ ಬೇರೆ ಲೆಕ್ಕ ಬರೆದುಕೊಂಡ. ಹಲಗಲಿ ಬೇಡರ ಲಾವಣಿ ಇಂದಿಗೂ ಉಳಿದಿದೆ, ಶಾಲೆಯ ಪಠ್ಯಕ್ಕೂ ಬಂದಿದೆ. ಅದನ್ನು 1880ರ ದಶಕದಲ್ಲಿ ಸಂಗ್ರಹಿಸಿ ಅಚ್ಚು ಹಾಕಿಸಿದವನು ಜೆ.ಎಫ್. ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿಯೇ ಎಂಬುದು ಇತಿಹಾಸದ ಚೇಷ್ಟೆ. ಐಹೊಳೆಯ ಶಾಸನವನ್ನು ಓದಿದ ಕಣ್ಣು ಕೂಡ ಅವನದೇ. ಆ ಲಾವಣಿಯಲ್ಲಿ ಯುದ್ಧದ ವರ್ಣನೆ ಇದೆ, ಸರಿ. ಅದಕ್ಕಿಂತ ದೊಡ್ಡ ವಿಷಯವೊಂದಿದೆ. ದಂಡಿನವರು ಊರು ಹೊಕ್ಕು ಏನೇನು ದೋಚಿದರು ಎಂಬ ಪಟ್ಟಿ ಇದೆ. ಬಂಗಾರ ಬೆಳ್ಳಿಯ ಜೊತೆಗೆ ಉಪ್ಪು, ಎಣ್ಣೆ, ಹಾಲು ಮೊಸರು, ಬೀಸುವ ಕಲ್ಲು ಎಲ್ಲ ಬಂದಿವೆ. ಬಡವರ ಅಡುಗೆಮನೆಯಲ್ಲಿ ಏನು ಹೋಯಿತು ಎಂಬುದನ್ನು ಒಂದೊಂದಾಗಿ ಎಣಿಸಿ ಬರೆದಿದ್ದಾನೆ.

ಗೆಳೆಯರೇ, ನಮಗೆ ತೋಚುವ ಮಟ್ಟಿಗೆ ನಿಜವಾದ ತನಿಖಾ ವರದಿ ಅಂದರೆ ಇದು. ಸರ್ಕಾರಿ ಕಡತ ಅಪರಾಧಿಗಳ ಹೆಸರು ಬರೆಯಿತು. ಲಾವಣಿ ಕಳಕೊಂಡವರ ಸಾಮಾನು ಬರೆಯಿತು. ಟೇಲರನ ಕಾದಂಬರಿ ಒಂದು ದಾರಿ, ಹಲಗಲಿಯ ಲಾವಣಿ ಇನ್ನೊಂದು ದಾರಿ. ಮುಂದೆ ಕನ್ನಡದ ಅಪರಾಧ ಸಾಹಿತ್ಯ ಯಾವ ದಾರಿ ಹಿಡಿಯಿತು ಎಂಬುದನ್ನು ನೋಡಬೇಕು.

3

ಠಗ್ಗರ ಕಥೆ ಬರೀ ಕಥೆಯಾಗಿ ಉಳಿಯಲಿಲ್ಲ. ಕಥೆ ಕಾನೂನಾಯಿತು. ಹುಟ್ಟಿನಿಂದಲೇ ಕಳ್ಳರು, ಜಾತಿಯಿಂದಲೇ ಕೊಲೆಗಾರರು ಇರುತ್ತಾರೆ ಎಂದು ನಂಬಿದ ಆಳುವ ವರ್ಗ 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯಿದೆ ಮಾಡಿತು. ಮೊದಲು ಉತ್ತರ ಭಾರತಕ್ಕಿದ್ದ ಕಾಯಿದೆ 1911ರ ಹೊತ್ತಿಗೆ ನಮ್ಮ ಮುಂಬಯಿ ಪ್ರಾಂತಕ್ಕೂ ಬಂತು. ಹರಣಶಿಕಾರಿ, ಗಂಟಿಚೋರ, ಛಪ್ಪರಬಂದ, ಕೊರವ, ಹೀಗೆ ಜಾತಿ ಜಾತಿಯನ್ನೇ ಪಟ್ಟಿಗೆ ಹಚ್ಚಿದರು. ವಿಜಾಪುರ, ಗದಗ, ಹುಬ್ಬಳ್ಳಿಗಳಲ್ಲಿ ಸೆಟ್ಲಮೆಂಟ್ ಕಟ್ಟಿದರು. ಕುಟುಂಬಗಳನ್ನು ತಂದು ಕೂಡಿಹಾಕಿದರು, ಹಾಜರಿ ಕರೆದರು, ಗಿರಣಿಗಳ ಕೆಲಸಕ್ಕೆ ಹಚ್ಚಿದರು. ಹಸುಗೂಸು ಕೂಡ ಹುಟ್ಟಿದ ದಿನವೇ ಸಂಶಯಿತ. ಅಂದು ಬಾಗಲಕೋಟೆ, ಹುನಗುಂದ ಎಲ್ಲ ವಿಜಾಪುರ ಜಿಲ್ಲೆಯಲ್ಲೇ ಇದ್ದವು. ಆದ್ದರಿಂದ ಇದು ಪಕ್ಕದ ಊರಿನ ಸುದ್ದಿಯಲ್ಲ, ನಮ್ಮದೇ ಜಿಲ್ಲೆಯ ಇತಿಹಾಸ.

ಸ್ವಾತಂತ್ರ್ಯ ಬಂದು ಐದು ವರ್ಷವಾದ ಮೇಲೆ, 1952ರಲ್ಲಿ, ಆ ಕಾಯಿದೆ ರದ್ದಾಯಿತು. ಕಾಯಿದೆ ಹೋಯಿತು, ಹೆಸರು ಹೋಗಲಿಲ್ಲ. ಗಂಟಿಚೋರ ಎಂಬ ಹೆಸರಿನಲ್ಲೇ 'ಗಂಟು ಕದ್ದವನು' ಎಂಬ ಆರೋಪ ಕೂತಿದೆ. ಆ ಹೆಸರಿನಲ್ಲೇ ಆ ಜನ ಸರ್ಕಾರದಿಂದ ಜಾತಿ ಪ್ರಮಾಣಪತ್ರ ಪಡೆಯಬೇಕು. ಪ್ರತಿ ಸಲ ಸ್ಕಾಲರ್‌ಷಿಪ್ಪಿಗೆ ಅರ್ಜಿ ಹಾಕುವಾಗ ಹುಡುಗ ತಾನು ಕಳ್ಳ ಎಂದು ಸಹಿ ಮಾಡಬೇಕು. ಇದಕ್ಕಿಂತ ದೊಡ್ಡ ಅಪರಾಧ ಯಾವ ಪತ್ತೇದಾರಿ ಕಾದಂಬರಿಯಲ್ಲಿದೆ?

4

ಪತ್ತೇದಾರಿ ಅಂದರೆ ನಮ್ಮ ಪಂಡಿತರು ಮೂಗು ಮುರಿಯುತ್ತಾರೆ. ನಾವು ಮುರಿಯುವುದಿಲ್ಲ. ಕನ್ನಡದ ಬಡವರು, ಗಿರಣಿ ಕೂಲಿಗಳು, ಹೋಟೆಲ್ ಮಾಣಿಗಳು ಓದುವುದನ್ನು ರೂಢಿ ಮಾಡಿಕೊಂಡದ್ದು ಪತ್ತೇದಾರಿಯಿಂದ. ಕನ್ನಡದ ಹಳದಿ ಕೆಂಪು ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿ ಪತ್ರಕರ್ತರು, ಹೋರಾಟಗಾರರು. ಪತ್ತೇದಾರಿ ಕಾದಂಬರಿ ಬರೆದವರು ಕೂಡ. 1967ರಲ್ಲಿ ತಮ್ಮ ಹೊಲದ ಬಾವಿ ಕೆಲಸದಲ್ಲಿ ಮಣ್ಣು ಕುಸಿದು ಮಕ್ಕಳೊಂದಿಗೆ ಸತ್ತರು. ಎನ್. ನರಸಿಂಹಯ್ಯ ನೂರಾರು ಪತ್ತೇದಾರಿ ಕಾದಂಬರಿ ಬರೆದರು. ದೊಡ್ಡ ಓದು ಓದಿದವರಲ್ಲ, ಆದರೆ ಕನ್ನಡದ ಮಂದಿಯ ಕೈಗೆ ಪುಸ್ತಕ ಕೊಟ್ಟರು. ಪಂಡಿತರ ಚರಿತ್ರೆಯಲ್ಲಿ ಇವರಿಗೆ ಒಂದು ಸಾಲೂ ಕಷ್ಟ.

ಆ ಕಾದಂಬರಿಗಳ ಅಪರಾಧ ಬಂಗಲೆಯ ಅಪರಾಧ. ಉಯಿಲು, ವಜ್ರದ ಹಾರ, ನಿಗೂಢ ಕೋಣೆ. ನಮ್ಮ ಕೇರಿಯ ಕೊಲೆ ಅಲ್ಲಿ ಬರುವಂತಿರಲಿಲ್ಲ. ಯಾಕೆಂದರೆ ಕೇರಿಯ ಕೊಲೆಯಲ್ಲಿ ನಿಗೂಢ ಏನೂ ಇರುವುದಿಲ್ಲ. ಕೊಂದವನು ಯಾರೆಂದು ಊರಿಗೆಲ್ಲ ಗೊತ್ತು. ಗೊತ್ತಿದ್ದೂ ಹೇಳಲಾರದ್ದೇ ಅಲ್ಲಿಯ ಕಥೆ.

1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿತು, 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಕೂಡಿತು. 1980ರಲ್ಲಿ ಪಿ. ಲಂಕೇಶರು ಜಾಹೀರಾತಿನ ಹಂಗಿಲ್ಲದೆ 'ಲಂಕೇಶ್ ಪತ್ರಿಕೆ' ಶುರು ಮಾಡಿದರು. ಹಳ್ಳಿಯ ಜಾತಿ, ಮಂತ್ರಿಯ ಲಂಚ, ಪೊಲೀಸರ ಲಾಠಿ ಎಲ್ಲ ಒಂದೇ ಪುಟದಲ್ಲಿ ಬಂದವು. ಟ್ಯಾಬ್ಲಾಯ್ಡ್ ಎಂಬ ಅಗ್ಗದ ಹಾಳೆಗೆ ಒಂದು ನೈತಿಕ ಧೈರ್ಯ ಬಂದದ್ದು ಅಲ್ಲಿಂದ. ರವಿ ಬೆಳಗೆರೆ ಆ ಬಾಗಿಲಿನಿಂದಲೇ ಒಳಗೆ ಬಂದವರು.

ಅವರು 1958ರಲ್ಲಿ ಬಳ್ಳಾರಿಯಲ್ಲಿ ಹುಟ್ಟಿದರು. ಇತಿಹಾಸ ಓದಿದರು, ಇತಿಹಾಸದ ಅಧ್ಯಾಪಕರಾಗಿದ್ದರು. ಹಲವು ಪತ್ರಿಕೆಗಳಲ್ಲಿ ದುಡಿದು 1995ರಲ್ಲಿ 'ಹಾಯ್ ಬೆಂಗಳೂರ್!' ತಂದರು. 'ಪಾಪಿಗಳ ಲೋಕದಲ್ಲಿ' ಎಂದು ಬೆಂಗಳೂರಿನ ಭೂಗತ ಲೋಕವನ್ನು ಬರೆದರು. 'ರಂಗವಿಲಾಸ್ ಬಂಗಲೆಯ ಕೊಲೆಗಳು' ಎಂದು ಹಳೆಯ ಕೊಲೆ ಪ್ರಕರಣವನ್ನು ಮತ್ತೆ ಬಿಚ್ಚಿದರು. 'ಮಾಟಗಾತಿ', 'ಸರ್ಪ ಸಂಬಂಧ', 'ಒಮರ್ಟಾ' ಎಂದು ಭಯದ, ಮಾಟದ, ಪಾತಕದ ಕಾದಂಬರಿ ಬರೆದರು. 1962ರ ಚೀನಾ ಯುದ್ಧದ ಸೋಲಿನ ಬಗ್ಗೆ ಬ್ರಿಗೇಡಿಯರ್ ದಳವಿ ಬರೆದ 'ಹಿಮಾಲಯನ್ ಬ್ಲಂಡರ್' ಪುಸ್ತಕವನ್ನು ಕನ್ನಡಕ್ಕೆ ತಂದರು. ಈಟಿವಿಯಲ್ಲಿ 'ಕ್ರೈಂ ಡೈರಿ' ನಡೆಸಿಕೊಟ್ಟರು. ಆ ದನಿ ಕೇಳಲು ರಾತ್ರಿ ಊಟ ಬಿಟ್ಟು ಕೂತವರನ್ನು ನಾವು ಬಲ್ಲೆವು. ಹಾಗೆ ಕೂತವರಲ್ಲಿ ನಾವೂ ಇದ್ದೆವು.

ಅವರಿಂದ ಕಲಿಯಬೇಕಾದದ್ದು ಇದೆ, ಅದನ್ನು ಮೊದಲು ಹೇಳಬೇಕು. ಕಚೇರಿಯಲ್ಲಿ ಕೂತು ಪೊಲೀಸರ ಪ್ರಕಟಣೆ ನಕಲು ಮಾಡುವ ವರದಿಗಾರಿಕೆ ಅವರದಲ್ಲ. ಕೊಲೆಯಾದ ಊರು, ಹೊಲ, ಹೆಣ ಬಿದ್ದ ಜಾಗ, ಆ ಮನೆಯ ಹೆಂಗಸಿನ ಮುಖ ಇವು ಅವರ ಬರಹದಲ್ಲಿ ಬರುತ್ತಿದ್ದವು. ಭಾಷೆ ನೇರವಾಗಿ ಎದೆಗೆ ತಾಕುತ್ತಿತ್ತು. ನಮ್ಮ ಬಂಡಾಯದ ಲೇಖನಗಳನ್ನು ನಾವು ನಾವೇ ಓದಿಕೊಂಡೆವು, ಅವರದನ್ನು ಹಜಾಮನ ಅಂಗಡಿಯಲ್ಲಿ, ಬಸ್ಸಿನಲ್ಲಿ, ಹೊಲದ ಬದುವಿನಲ್ಲಿ ಓದಿದರು. ಇದು ನಾವು ಒಪ್ಪಿಕೊಳ್ಳಬೇಕಾದ ಸೋಲು.

5

ಈಗ ಭೀಮಾ ದಂಡೆಗೆ ಬರೋಣ.

ಇಂಡಿ, ಸಿಂದಗಿ, ಅಫಜಲಪುರ, ಆಳಂದ ಕಡೆಯ ಸೇಡಿನ ಕೊಲೆಗಳ ಬಗ್ಗೆ ಬೆಳಗೆರೆ ಬರೆದ ಪುಸ್ತಕ 'ಭೀಮಾ ತೀರದ ಹಂತಕರು'. ಅದರ ನಡುವೆ ನಿಂತ ಹೆಸರು ಚಂದಪ್ಪ ಹರಿಜನ. ವರ್ಷಗಟ್ಟಲೆ ಪೊಲೀಸರಿಗೆ ಸಿಗದೆ ತಿರುಗಿದವನು, ಹಲವು ಕೊಲೆಗಳ ಆರೋಪಿ. 2000ದಲ್ಲಿ ಪೊಲೀಸರ ಗುಂಡಿಗೆ ಬಿದ್ದ.

ಆ ಹೆಸರನ್ನು ಇನ್ನೊಮ್ಮೆ ಓದಿರಿ. ಚಂದಪ್ಪ ಹರಿಜನ. ನಮ್ಮ ಉತ್ತರ ಕರ್ನಾಟಕದ ಸಾಲಿಗಳಲ್ಲಿ ಅಡ್ಡಹೆಸರು ಬರೆಯುವ ಪದ್ಧತಿ ಉಂಟು. ಗೌಡರ ಮಗ ಪಾಟೀಲ ಆಗುತ್ತಾನೆ. ಕುಲಕರ್ಣಿ ಮಗ ಕುಲಕರ್ಣಿ ಆಗುತ್ತಾನೆ. ನಮ್ಮ ಹುಡುಗ ಬಂದಾಗ ಮಾಸ್ತರ ಕೇಳುವುದಿಲ್ಲ. ಹರಿಜನ, ಮಾದರ, ಚಲವಾದಿ ಅಂತ ತಾನೇ ಬರೆದುಕೊಳ್ಳುತ್ತಾನೆ. ಜಾತಿ ಪ್ರಮಾಣಪತ್ರದಲ್ಲಿ 'ಹರಿಜನ' ಎಂಬ ಶಬ್ದ ಬೇಡ ಎಂದು ಕೇಂದ್ರ ಸರ್ಕಾರ 1982ರಲ್ಲೇ ಹೇಳಿತ್ತು. ಆದರೆ ಸಾಲಿ ರಜಿಸ್ಟರಿನಲ್ಲಿ ಬಿದ್ದದ್ದು ಎಫ್‌ಐಆರ್‌ಗೆ ಹೋಗುತ್ತದೆ, ಎಫ್‌ಐಆರ್‌ನಿಂದ ಪತ್ರಿಕೆಯ ತಲೆಬರಹಕ್ಕೆ ಹೋಗುತ್ತದೆ. ಪಾಟೀಲ ಕೊಲೆ ಮಾಡಿದರೆ ಓದುಗನಿಗೆ ಒಬ್ಬ ಮನುಷ್ಯ ಕಾಣುತ್ತಾನೆ. ಹರಿಜನ ಕೊಲೆ ಮಾಡಿದರೆ ಇಡೀ ಕೇರಿ ಕಾಣುತ್ತದೆ.

ನಾವು ಆ ಪುಸ್ತಕವನ್ನು ಹೇಗೆ ಓದಿದೆವು? ಸುಳ್ಳು ಹೇಳಬಾರದು. ಹೆಮ್ಮೆಯಿಂದ ಓದಿದೆವು. ತಲೆ ತಗ್ಗಿಸಿ ಚಾದಂಗಡಿಯ ಹೊರಗೆ ಬೇರೆ ಕಪ್ಪಿನಲ್ಲಿ ಚಾ ಕುಡಿದ ಜನಕ್ಕೆ, ಸಾಹುಕಾರರನ್ನು ನಡುಗಿಸಿದ ಒಬ್ಬ ನಮ್ಮವನ ಕಥೆ ಹೆಂಡದಂತೆ ಏರಿತು. "ನಮ್ಮಂವಾ ಅದಾನ ನೋಡು" ಎಂದು ಹುಡುಗರು ಪಿಸುಗುಟ್ಟಿದರು. ಆ ಹೆಮ್ಮೆಯನ್ನು ನಾವು ಗೇಲಿ ಮಾಡುವುದಿಲ್ಲ. ಆ ಹೆಮ್ಮೆ ಹುಟ್ಟಿದ್ದು ಅವಮಾನದಿಂದ. ಆದರೆ ಆ ಹೆಮ್ಮೆಯಿಂದ ನಮಗೆ ಸಿಕ್ಕಿದ್ದೇನು? ಒಂದು ಎಕರೆ ಭೂಮಿ ಬರಲಿಲ್ಲ. ಒಂದು ಕೆರೆಯ ನೀರು ಮುಟ್ಟಲು ಆಗಲಿಲ್ಲ. ಬಂದೂಕು ಹಿಡಿದವನು ಬಂದೂಕಿಗೇ ಸತ್ತ. ಅವನ ಕಥೆಯನ್ನು ಯಾವ ನ್ಯಾಯಾಲಯವೂ ಕೊನೆಯವರೆಗೆ ಕೇಳಲಿಲ್ಲ. ಅವನಿಂದ ಸತ್ತವರ ಮನೆಗಳ ಹೆಂಗಸರ ಕಥೆಯನ್ನೂ ಯಾರೂ ಕೇಳಲಿಲ್ಲ. ಅವರಲ್ಲಿಯೂ ಬಡವರಿದ್ದರು ಎಂಬುದನ್ನು ನಾವು ನೆನೆಯಲಿಲ್ಲ.

2012ರಲ್ಲಿ 'ಭೀಮಾ ತೀರದಲ್ಲಿ' ಎಂಬ ಸಿನಿಮಾ ಬಂತು. ಆಗ ಟಿವಿಗಳಲ್ಲಿ ದೊಡ್ಡ ಜಗಳ: ಈ ಕಥೆ ಯಾರದು? ಬರೆದವರದೋ, ಸಿನಿಮಾದವರದೋ? ಸತ್ತವನ ಜೀವನಕ್ಕೆ ಹಕ್ಕುದಾರರು ಎಷ್ಟು ಮಂದಿ ನೋಡಿರಿ. ಬದುಕಿದ್ದಾಗ ಅವನ ಪಾಲಿನ ನೆಲಕ್ಕೆ ಹಕ್ಕು ಕೊಡಿಸಲು ಇಷ್ಟು ಮಂದಿ ಜಗಳಾಡಿದ್ದರೆ ಕಥೆಯೇ ಬೇರೆ ಆಗುತ್ತಿತ್ತು.

ಎಲ್ಲಕ್ಕಿಂತ ಕೆಟ್ಟದ್ದು ಆ ಹೆಸರು. 'ಭೀಮಾ ತೀರದ ಹಂತಕರು' ಎಂಬುದು ಪುಸ್ತಕದ ಹೆಸರಾಗಿ ಉಳಿಯಲಿಲ್ಲ. ಪತ್ರಿಕೆ, ಟಿವಿ, ಪೊಲೀಸರು ಎಲ್ಲರ ಬಾಯಿಗೆ ಬಂತು. ವಿಜಾಪುರ, ಕಲಬುರಗಿ ಕಡೆ ಎಲ್ಲಿ ಕೊಲೆಯಾದರೂ ಅದೇ ತಲೆಬರಹ. ಜೋಳ ಬಿತ್ತುವ, ಕಬ್ಬು ಕಡಿಯುವ, ಸೊಲ್ಲಾಪುರ ಮುಂಬಯಿಗೆ ಗುಳೇ ಹೋಗುವ ಲಕ್ಷಾಂತರ ಜನರ ನದಿಗೆ ಕೊಲೆಗಾರರ ಹೆಸರು ಅಂಟಿತು. 1839ರಲ್ಲಿ ಠಗ್ಗ, 1911ರಲ್ಲಿ ಅಪರಾಧಿ ಬುಡಕಟ್ಟು, ನಮ್ಮ ಕಾಲದಲ್ಲಿ ಭೀಮಾ ತೀರ. ಕಾನೂನು ಬದಲಾಯಿತು, ಕಾಗದ ಬದಲಾಯಿತು, ಕಟ್ಟು ಬದಲಾಗಲಿಲ್ಲ. ಬೆಳಗೆರೆಗೆ ಇದು ಬೇಕಾಗಿತ್ತು ಎಂದು ನಾವು ಹೇಳುವುದಿಲ್ಲ. ಆದರೆ ಇತಿಹಾಸದ ಮಾಸ್ತರರಾಗಿದ್ದವರಿಗೆ ಒಂದು ಹೆಸರು ಏನು ಮಾಡಬಲ್ಲದು ಎಂಬುದು ಗೊತ್ತಿರಬೇಕಿತ್ತು.

ಆ ಹೆಸರಿನ ಮರೆಯಲ್ಲಿ ಏನು ನಡೆಯಬಹುದು ಎಂಬುದಕ್ಕೂ ಉದಾಹರಣೆ ಇದೆ. 2017ರ ಅಕ್ಟೋಬರಿನಲ್ಲಿ ಧರ್ಮರಾಜ ಚಡಚಣ ಎಂಬಾತ ಪೊಲೀಸ್ ಎನ್‌ಕೌಂಟರಿನಲ್ಲಿ ಸತ್ತ. ಮರುವರ್ಷ, ಆತನ ಸಹೋದರ ಕಾಣೆಯಾಗಿ ಕೊಲೆಯಾದ ಪ್ರಕರಣದಲ್ಲಿ ಪೊಲೀಸ್ ಅಧಿಕಾರಿಗಳೇ ಬಂಧನಕ್ಕೆ ಒಳಗಾದರು. ಹಂತಕರು ಎಂದು ಮೊದಲೇ ಹೆಸರಿಟ್ಟ ಮೇಲೆ ಹೆಣ ಬಿದ್ದರೆ ಕೇಳುವವರು ಕಡಿಮೆ.

6

2000ದ ಮಾರ್ಚ್ 11ರಂದು ಚಿಂತಾಮಣಿ ತಾಲೂಕಿನ ಕಂಬಾಲಪಲ್ಲಿಯಲ್ಲಿ ಏಳು ದಲಿತರನ್ನು ಮನೆಯೊಳಗೆ ಕೂಡಿ ಜೀವಂತ ಸುಟ್ಟರು. ಅದೇ ವರ್ಷ ಚಂದಪ್ಪ ಹರಿಜನನೂ ಸತ್ತ. ಕಂಬಾಲಪಲ್ಲಿಯ ಮೊಕದ್ದಮೆಯಲ್ಲಿ ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಹಾಗಾದರೆ ಆ ಏಳು ಜನರನ್ನು ಸುಟ್ಟವರು ಯಾರು? ಕಾಗದದ ಪ್ರಕಾರ ಯಾರೂ ಅಲ್ಲ. ಚಂದಪ್ಪನ ಹೆಸರು ಕರ್ನಾಟಕಕ್ಕೆಲ್ಲ ಗೊತ್ತು. ಕಂಬಾಲಪಲ್ಲಿಯಲ್ಲಿ ಸುಟ್ಟುಹೋದ ಏಳರಲ್ಲಿ ಒಂದು ಹೆಸರನ್ನು ಹೇಳಿ ಎಂದರೆ ನಮ್ಮ ಕಾಲೇಜಿನ ಹುಡುಗರು ತಡವರಿಸುತ್ತಾರೆ.

1987ರಲ್ಲಿ ಬೆಳಗಾವಿ ಜಿಲ್ಲೆಯ ಬೆಂಡಿಗೇರಿಯಲ್ಲಿ ಬೆಳೆ ಕದ್ದರೆಂಬ ಆರೋಪ ಹೊರಿಸಿ ದಲಿತರ ಬಾಯಿಗೆ ಮಲ ತುರುಕಿದರು. ಇಂಥದ್ದು ಪತ್ತೇದಾರಿ ಕಥೆಯಾಗುವುದಿಲ್ಲ. ಇಲ್ಲಿ ಪಿಸ್ತೂಲಿಲ್ಲ, ಜೀಪಿನ ಬೆನ್ನಟ್ಟುವಿಕೆ ಇಲ್ಲ. ಬರೀ ಊರು, ಬರೀ ಜಾತಿ.

ಆದರೆ ಇನ್ನೊಂದು ಊರಿನ ಹೆಸರು ಹೇಳಬೇಕು. ಅದು ನಮಗೆ ಪಕ್ಕದ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲೂಕಿನ ಮರಕುಂಬಿ. 2014ರ ಆಗಸ್ಟಿನಲ್ಲಿ ಸಿನಿಮಾ ಟಿಕೇಟಿನ ಜಗಳ ನೆಪವಾಗಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷ ಮೊಕದ್ದಮೆ ನಡೆಯಿತು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 101 ಜನ ತಪ್ಪಿತಸ್ಥರು ಎಂದಿತು, 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮುಂದೆ ಹೈಕೋರ್ಟಿನಲ್ಲಿ ಬಹಳ ಜನರಿಗೆ ಜಾಮೀನು ಸಿಕ್ಕಿದ್ದೂ ನಿಜ. ಆದರೂ ಕಂಬಾಲಪಲ್ಲಿಗೂ ಮರಕುಂಬಿಗೂ ಇರುವ ವ್ಯತ್ಯಾಸವನ್ನು ನಾವು ಗಮನಿಸಬೇಕು. ಒಂದು ಕಡೆ ಸಾಕ್ಷಿ ಉಳಿಯಲಿಲ್ಲ. ಇನ್ನೊಂದು ಕಡೆ ಉಳಿಯಿತು. ನ್ಯಾಯ ನಿಂತದ್ದು ಸಾಕ್ಷಿಯ ಮೇಲೆ, ಹೀರೋನ ಮೇಲಲ್ಲ.

7

ಬೆಳಗೆರೆಯವರ ಕೊನೆಯ ವರ್ಷಗಳ ಬಗ್ಗೆ ಎರಡು ಮಾತು. 2017ರ ಜೂನಿನಲ್ಲಿ ಶಾಸಕರ ಬಗ್ಗೆ ಬರೆದದ್ದಕ್ಕೆ ಕರ್ನಾಟಕ ವಿಧಾನಸಭೆ ಹಕ್ಕುಚ್ಯುತಿ ಎಂದು ಅವರಿಗೂ ಇನ್ನೊಬ್ಬ ಸಂಪಾದಕರಿಗೂ ಒಂದು ವರ್ಷ ಸಜೆ, 10,000 ರೂಪಾಯಿ ದಂಡ ವಿಧಿಸಿತು. ಪತ್ರಿಕೆಯ ಬಗ್ಗೆ ಏನೇ ತಕರಾರಿರಲಿ, ತಾವೇ ಫಿರ್ಯಾದಿ ತಾವೇ ನ್ಯಾಯಾಧೀಶರಾಗಿ ಶಾಸಕರು ಸಂಪಾದಕರನ್ನು ಜೈಲಿಗೆ ಕಳಿಸುವುದು ಅನ್ಯಾಯ. ಅದೇ ವರ್ಷ ಸೆಪ್ಟೆಂಬರ್ 5ರಂದು ಗೌರಿ ಲಂಕೇಶರನ್ನು ಅವರ ಮನೆಯ ಮುಂದೆ ಕೊಂದರು. ಅದಕ್ಕೆ ಎರಡು ವರ್ಷ ಮೊದಲು, 2015ರ ಆಗಸ್ಟ್ 30ರಂದು, ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಕೊಂದಿದ್ದರು. ವಚನದ ಇತಿಹಾಸ ತೆಗೆದು ತೋರಿಸಿದವರಿಗೆ ಗುಂಡು, ಕೋಮುವಾದವನ್ನು ಬರೆದವರಿಗೆ ಗುಂಡು.

2017ರ ಡಿಸೆಂಬರಿನಲ್ಲಿ ಬೆಳಗೆರೆಯವರನ್ನೇ ಪೊಲೀಸರು ಬಂಧಿಸಿದರು. ಸಹೋದ್ಯೋಗಿಯನ್ನು ಕೊಲ್ಲಿಸಲು ಸುಪಾರಿ ಕೊಟ್ಟರು ಎಂಬ ಆರೋಪ. ಅವರು ಅದನ್ನು ಅಲ್ಲಗಳೆದರು, ಜಾಮೀನಿನ ಮೇಲೆ ಹೊರಬಂದರು. ಆಗ ಅನೇಕರು ಕೈ ತಟ್ಟಿ ನಕ್ಕರು. ನಾವು ನಗಲಿಲ್ಲ. ಆರೋಪ ಆರೋಪವೇ, ಅದು ತೀರ್ಪಲ್ಲ. ತೀರ್ಪಿಗೆ ಮೊದಲೇ ಹಂತಕ ಎಂದು ಹೆಸರಿಡುವ ಚಟದ ವಿರುದ್ಧವೇ ಈ ಲೇಖನ. ಆ ಚಟವನ್ನು ಅವರ ಮೇಲೆ ಪ್ರಯೋಗಿಸಿದರೆ ನಮ್ಮ ಮಾತಿಗೆ ಬೆಲೆ ಎಲ್ಲಿ? ಭೀಮಾ ದಂಡೆಯ ಹುಡುಗನಿಗೆ ನಾವು ಕೇಳುವ ನ್ಯಾಯವನ್ನೇ ಅವರಿಗೂ ಕೇಳಬೇಕು.

8

ಕಡೆಗೆ ಮರೋಳಕ್ಕೆ ಮರಳಿ ಬರೋಣ. ನಾರಾಯಣಪುರ ಜಲಾಶಯದ ಹಿನ್ನೀರು ಎತ್ತಿ, ನಮ್ಮ ಸೀಮೆಯ ಸುಮಾರು 24,000 ಹೆಕ್ಟೇರಿಗೆ ಹನಿ ನೀರಾವರಿ ಕೊಡುವ ರಾಮಥಾಳ–ಮರೋಳ ಯೋಜನೆಯ ಬಗ್ಗೆ ದೊಡ್ಡ ದೊಡ್ಡ ಫಲಕ ನೋಡಿದ್ದೇವೆ. ಏಷ್ಯಾದಲ್ಲೇ ದೊಡ್ಡದು ಎಂದರು. ಪೈಪು ಹಾಸಿದರು. ಆ ಪೈಪಿನ ಕೊನೆಯ ಹೊಲಕ್ಕೆ ನೀರು ಬಂತೋ ಇಲ್ಲವೋ, ಅದರಲ್ಲಿ ದಲಿತರ ಹೊಲ ಎಷ್ಟು, ಯಾರ ಸರ್ವೆ ನಂಬರಿಗೆ ಮೊದಲು ತಿರುವು ಕೊಟ್ಟರು, ಇದನ್ನು ಹೊಲದಿಂದ ಹೊಲಕ್ಕೆ ನಡೆದು ಕೇಳುವ ಪತ್ತೇದಾರ ನಮಗೆ ಬೇಕು. ಇಳಕಲ್ಲಿನ ಕಲ್ಲಿನ ಗಣಿಯಲ್ಲಿ ದೂಳು ಕುಡಿದ ಕೂಲಿಯ ಎದೆಯ ಕಥೆ, ಮಗ್ಗದ ಮುಂದೆ ಕೂತು ಬೆನ್ನು ಬಾಗಿದವಳ ಕೂಲಿಯ ಲೆಕ್ಕ, ಗುಳೇ ಹೋದ ಮನೆಯ ಬಾಗಿಲ ಬೀಗ, ಇವೂ ಅಪರಾಧದ ಪುರಾವೆಗಳೇ. ಇಲ್ಲಿ ಕೊಲೆ ಒಂದು ರಾತ್ರಿಯಲ್ಲಿ ಆಗುವುದಿಲ್ಲ, ಮೂವತ್ತು ವರ್ಷ ಹಿಡಿಯುತ್ತದೆ. ಅದಕ್ಕೇ ಅದು ಮುಖಪುಟಕ್ಕೆ ಬರುವುದಿಲ್ಲ.

ಇದನ್ನು ಬರೆಯುವವರು ಬೆಂಗಳೂರಿನಿಂದ ಬರುತ್ತಾರೆಂದು ಕಾಯಬೇಡಿ. ಹಳ್ಳಿಯ ಮಾಸ್ತರರು, ಕಾಲೇಜಿನ ಹುಡುಗ ಹುಡುಗಿಯರು, ಸಂಘಟನೆಯ ಗೆಳೆಯರು ಒಂದು ನೂರು ಪುಟದ ನೋಟ್‌ಬುಕ್ ತಗೊಳ್ಳಿ. ದೌರ್ಜನ್ಯ ನಡೆದ ದಿನವೇ ಊರಿಗೆ ಹೋಗಿ. ದಿನ, ಹೊತ್ತು, ಜಾಗ, ನೋಡಿದವರ ಹೆಸರು ಬರೆಯಿರಿ. ಫಿರ್ಯಾದಿಗೆ ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕೆಂದು ಕಾನೂನಿದೆ, ಕೇಳಿ ಪಡೆಯಿರಿ. 1989ರ ದೌರ್ಜನ್ಯ ತಡೆ ಕಾಯಿದೆಯ ನಿಯಮದಂತೆ ತನಿಖೆ ಮಾಡುವವನು ಡಿವೈಎಸ್‌ಪಿ ದರ್ಜೆಗೆ ಕಡಿಮೆ ಇರಬಾರದು, 60 ದಿನದೊಳಗೆ ತನಿಖೆ ಮುಗಿಸಬೇಕು. ಆ 60 ದಿನಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಎಣಿಸಿ. ಠಾಣೆ ಏನೂ ಹೇಳದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಲ್ಲಿ ಅರ್ಜಿ ಹಾಕಿ. ಸಾಕ್ಷಿ ಹೇಳಿದವರ ಮನೆಗೆ ವಾರಕ್ಕೊಮ್ಮೆ ಹೋಗಿ ಬರ್ರಿ. ಅವರಿಗೆ ಕೂಲಿ ತಪ್ಪಿತೇ, ಅಂಗಡಿಯವ ಉದ್ದರಿ ನಿಲ್ಲಿಸಿದನೇ, ಹಿಟ್ಟಿನ ಗಿರಣಿ ಬಂದ್ ಮಾಡಿದರೇ ಬರೆದಿಡಿ. ಸಾಕ್ಷಿ ತಿರುಗಿಬೀಳುವುದು ಕೋರ್ಟಿನಲ್ಲಲ್ಲ, ಹಿಟ್ಟಿನ ಗಿರಣಿಯ ಮುಂದೆ.

ಬರೆಯುವಾಗ ಬೆಳಗೆರೆಯವರಿಂದ ಒಂದು ಕಲಿಯಿರಿ: ಓದುವವನು ನಿಮ್ಮ ಮಾತು ಬಿಟ್ಟು ಏಳಬಾರದು. ಹಲಗಲಿಯ ಲಾವಣಿಕಾರನಿಂದ ಇನ್ನೊಂದು ಕಲಿಯಿರಿ: ಬೀಸುವ ಕಲ್ಲನ್ನು ಪಟ್ಟಿಯಿಂದ ಬಿಡಬಾರದು. ಸತ್ತವನ ಹೆಸರು ಮೊದಲ ಸಾಲಿನಲ್ಲಿ ಬರಲಿ. ಕೊಂದವನ ಹೆಸರು ಸಾಬೀತಾದ ಮೇಲೆ ಬರಲಿ. ಜಾತಿಯ ಹೆಸರು ಎಲ್ಲಿ ಕಾರಣವೋ ಅಲ್ಲಿ ಸ್ಪಷ್ಟವಾಗಿ ಬರಲಿ, ಎಲ್ಲಿ ಬರೀ ಮಸಾಲೆಯೋ ಅಲ್ಲಿ ಬೇಡ.

ಹಿರಿಯರು ಈಗಲೂ ಕಟ್ಟೆಯ ಮೇಲೆ ಕೂತಿದ್ದಾರೆ. "ಆಮ್ಯಾಲೆ ಏನಾತೋ ತಮ್ಮಾ?" ಅಂತ ಈಗಲೂ ಕೇಳುತ್ತಾರೆ. ಈ ಸಲ ಆ ನೋಟ್‌ಬುಕ್ ತೆರೆದು, ನಾವೇ ಬರೆದದ್ದನ್ನು ಓದಿ ಹೇಳೋಣ.